ಕಟ್ಟಿಗೆ ರಾಶಿಯ ಹಿಂದಿನ ಚಡ್ಡಿಗಳು

ಬಚ್ಚಲ ಒಲೆಗೆ ಕಟ್ಟಿಗೆ ತರಲು ಹೋದ ಆಯಿ, ಅಂದರೆ ನನ್ನ ಅಮ್ಮ, ಕೈಯಲ್ಲಿ ಮೂರು ಚಡ್ಡಿ ಹಿಡಿದುಕೊಂಡು ವಾಪಸ್ ಬಂದಳು. "ನೋಡೇ ಇಲ್ಲಿ, ಎಂತ ಸಿಕ್ಕಿದ್ದು ಹೇಳಿ" ಅಂದಳು. ಸಣ್ಣ ಚಡ್ಡಿಗಳು. ಒಂದರ ಮೇಲೆ ಆನೆ, ಒಂದರ ಮೇಲೆ ಕಾರು, ಇನ್ನೊಂದು ಬರೀ ನೀಲಿ. ಮಳೆಗಾಲ, ಹಾಗಾಗಿ ಒಣಗಿರಲೂ ಇಲ್ಲ. ಕಟ್ಟಿಗೆ ರಾಶಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದರ ಮೇಲೊಂದು ಮಡಚಿ ಇಟ್ಟಿದ್ದವಂತೆ. ಮಡಚಿ! ಯಾವತ್ತೂ ಒಂದು ಬಟ್ಟೆ ಮಡಚಿದವನಲ್ಲ ನಮ್ಮ ಮಾಣಿ, ನನ್ನ ಮಗ.

ಆಗ ಅವನಿಗೆ ನಾಲ್ಕೂವರೆ ವರ್ಷ. ಎರಡೂವರೆಗೇ ಡೈಪರ್ ಬಿಟ್ಟವನು. ಮೂರು ತುಂಬುವ ಹೊತ್ತಿಗೆ ರಾತ್ರಿಯೂ ಹಾಸಿಗೆ ಒದ್ದೆಯಾಗುತ್ತಿರಲಿಲ್ಲ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ದೊಡ್ಡವನಾದ ಮೇಲೆ ಓದಿ "ಇದೆಲ್ಲ ಯಾಕೆ ಬರೆದೆ" ಅಂತ ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ ಇದೆ: ಆಗ ನನಗೆ ಸಿಕ್ಕಿದ್ದೆಲ್ಲ ಬರೀ ಉಪದೇಶ, ಹೀಗಾಯಿತು ಅಂತ ಹೇಳಿದವರು ಒಬ್ಬರೂ ಇರಲಿಲ್ಲ.

2024ರ ಮೇ ತಿಂಗಳಲ್ಲಿ ನಾನು ಕಾರವಾರದ ಮನೆ ಬಿಟ್ಟು ಮಗನ ಜೊತೆ ತವರಿಗೆ ಬಂದೆ. ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲಿನ ಮನೆ. ಯಾಕೆ ಬಂದೆ ಅನ್ನುವುದು ಇಲ್ಲಿ ಬೇಡ. ಹೊಡೆತ ಬಡಿತ ಇರಲಿಲ್ಲ. ಇಬ್ಬರಿಗೂ ಒಟ್ಟಿಗೆ ಇರಲು ಆಗಲಿಲ್ಲ, ಅಷ್ಟೇ. ಮಾರ್ಚ್‌ನಲ್ಲಿ ಮಾರಿಜಾತ್ರೆಗೆ ಮೂವರೂ ಒಟ್ಟಿಗೇ ಬಂದಿದ್ದೆವು. ಅಪ್ಪನ ಹೆಗಲ ಮೇಲೆ ಕೂತು ತೇರು ನೋಡಿ, ಹಟ ಮಾಡಿ ಒಂದು ಪೀಪಿ ಕೊಡಿಸಿಕೊಂಡು ಊರಿಡೀ ಊದಿಕೊಂಡು ಓಡಾಡಿದ್ದ. ಅದಾಗಿ ಎರಡೇ ತಿಂಗಳಿಗೆ ಮನೆ ಬದಲು, ಊರು ಬದಲು. ಅವನಿಗೆ ನಾವು ಹೇಳಿದ್ದು, "ಅಪ್ಪಂಗೆ ಡ್ಯೂಟಿ ಇದೆ, ನಾವು ಸ್ವಲ್ಪ ದಿನ ಅಜ್ಜನ ಮನೆಯಲ್ಲಿ ಇರೋದು" ಅಂತ.

ಬಂದ ಮೂರನೇ ವಾರ ಹಾಸಿಗೆ ಒದ್ದೆಯಾಯಿತು. ಮಳೆ ಶುರುವಾಗಿದೆ, ಥಂಡಿ, ಇರಲಿ ಬಿಡು ಅಂದುಕೊಂಡೆ. ಮತ್ತೆ ಎರಡು ದಿನ ಬಿಟ್ಟು ಇನ್ನೊಮ್ಮೆ. ಜೂನ್‌ನಲ್ಲಿ ಶಾಲೆಗೆ ಹಾಕಿದೆವು. ಅಲ್ಲಿ ಹಗಲು ಹೊತ್ತಿಗೇ ಶುರುವಾಯಿತು. ದಿನಾ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಒದ್ದೆ ಚಡ್ಡಿ. ಹದಿನೈದು ದಿನಕ್ಕೆ ಅಕ್ಕೋರು ಗೇಟಿನ ಹತ್ತಿರವೇ ನಿಲ್ಲಿಸಿ, ಉಳಿದ ಮಕ್ಕಳ ಎದುರಿಗೇ, "ನಾಳೆಯಿಂದ ಡೈಪರ್ ಹಾಕಿ ಕಳಿಸಿ" ಅಂದರು. ಮಾಣಿ ನನ್ನ ಸೀರೆ ಹಿಂದೆ ನಿಂತಿದ್ದ. ನಾನು ಏನೂ ಹೇಳಲಿಲ್ಲ, ತಲೆ ಆಡಿಸಿದೆ. ಆ ತಲೆ ಆಡಿಸಿದ್ದು ಈಗಲೂ ನೆನಪಾಗುತ್ತದೆ.

ಇನ್ನು ನೋಟ್‌ಬುಕ್ಕಿನ ವಿಷಯ. ವಕೀಲರ ಹತ್ತಿರ ಹೋಗಿದ್ದೆ. ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಬೇಕಾದರೂ ಒಂದು ವರ್ಷ ಬೇರೆ ಇದ್ದಿರಬೇಕು ಅಂದರು. 1956ರ ಹಿಂದೂ ಪಾಲಕತ್ವ ಕಾಯ್ದೆ ಪ್ರಕಾರ ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರುತ್ತದೆ, ಐದು ದಾಟಿದ ಮೇಲೆ ಪ್ರಶ್ನೆ ಬರಬಹುದು ಅಂದರು. ಆಮೇಲೆ ಹೊರಡುವಾಗ, "ಅಪ್ಪನ ಮನೆಗೆ ಹೋಗಿ ಬಂದ ಮೇಲೆ ಮಗು ಹೇಗಿರ್ತದೆ, ತಾರೀಖು ಹಾಕಿ ಬರೆದಿಡಿ. ಮುಂದೆ ಬೇಕಾಗ್ತದೆ" ಅಂತ ಒಂದು ಮಾತು ಸೇರಿಸಿದರು.

ಬರೆದೆ. 200 ಪುಟದ ನೋಟ್‌ಬುಕ್ ತಂದು ಗೆರೆ ಎಳೆದು ಬರೆದೆ. ಆಗ ಎರಡು ವಾರಕ್ಕೊಮ್ಮೆ ಶನಿವಾರ ಅವನ ಅಪ್ಪ ಬಂದು ಕಾರವಾರಕ್ಕೆ ಕರೆದುಕೊಂಡು ಹೋಗಿ, ಭಾನುವಾರ ಸಂಜೆ ತಂದು ಬಿಡುತ್ತಿದ್ದರು. "ಜೂನ್ 24, ಸೋಮವಾರ. ಕಾರವಾರದಿಂದ ಬಂದ ಮರುದಿನ. ಎರಡು ಸಲ ಒದ್ದೆ." ಇಂಥವು ಪುಟಗಟ್ಟಲೆ. ಬರೆಯುವಾಗ ಒಂಥರಾ ಸಮಾಧಾನ. ತಪ್ಪು ಯಾರದ್ದು ಅಂತ ಅಕ್ಷರದಲ್ಲಿ ಕಾಣುತ್ತದಲ್ಲ!

ಜುಲೈ 16ಕ್ಕೆ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಮಳೆ ಬಿಡುವ ಲಕ್ಷಣ ಇರಲಿಲ್ಲ. ಅವನ ಅಪ್ಪ ಬರಬೇಕಾದ ಎರಡು ಶನಿವಾರ ತಪ್ಪಿಹೋದವು. ನನ್ನ ಲೆಕ್ಕದಲ್ಲಿ ಮಾಣಿ ಆ ತಿಂಗಳು ಸರಿಹೋಗಬೇಕಿತ್ತು. ಆದದ್ದು ಉಲ್ಟಾ. ಉಚ್ಚೆಯ ಜೊತೆ ಚಡ್ಡಿಯಲ್ಲಿ ಕಕ್ಕವೂ ಶುರುವಾಯಿತು. ಪೂರ್ತಿ ಅಲ್ಲ, ತೆಳ್ಳಗೆ ಹತ್ತಿದ ಹಾಗೆ, ದಿನಕ್ಕೆ ಮೂರು ನಾಲ್ಕು ಸಲ. ಕೇಳಿದರೆ "ನಂಗೆ ಗೊತ್ತೇ ಆಗಲಿಲ್ಲ" ಅನ್ನುತ್ತಿದ್ದ. ಗೊತ್ತಾಗದೇ ಇರಲು ಹೇಗೆ ಸಾಧ್ಯ? ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಒಂದು ದಿನ, ಮೂರನೇ ಚಡ್ಡಿ ತೊಳೆಯುವಾಗ, ತಡೆಯಲಾಗದೆ ಹೊಡೆದೆ. ತೊಡೆಯ ಮೇಲೆ ನನ್ನ ಬೆರಳು ಮೂಡಿತ್ತು. ಆಯಿ ಓಡಿ ಬಂದು ಅವನನ್ನು ಎತ್ತಿಕೊಂಡಳು. "ಬೈಯ್ಯಡ ಅವಂಗೆ, ಅಂವ ಬೇಕು ಹೇಳಿ ಮಾಡ್ತ್ನಿಲ್ಲೆ" ಅಂದಳು. ಕಟ್ಟಿಗೆ ರಾಶಿಯ ಹಿಂದೆ ಚಡ್ಡಿ ಸೇರಲು ಶುರುವಾದದ್ದು ಅದರ ಮರುದಿನದಿಂದ ಇರಬೇಕು.

ಆಗಸ್ಟ್ 7ರ ಬೆಳಿಗ್ಗೆ ಟೀವಿ ಹಾಕಿದರೆ ಕಾರವಾರದ ಹಳೇ ಕಾಳಿ ಸೇತುವೆ ಮುರಿದು ನದಿಯಲ್ಲಿ ಬಿದ್ದಿತ್ತು. ನಡುರಾತ್ರಿ ಕುಸಿದಿದೆ, ಒಂದು ಲಾರಿ ನೀರಿಗೆ ಬಿದ್ದಿದೆ, ಚಾಲಕನನ್ನು ಎತ್ತಿದ್ದಾರೆ ಅಂತ ತೋರಿಸುತ್ತಿದ್ದರು. ಅದೇ ಸೇತುವೆ ಮೇಲೆ ಮಾಣಿ ಅಪ್ಪನ ಜೊತೆ ಎಷ್ಟೋ ಸಲ ಹೋಗಿದ್ದಾನೆ. ಟೀವಿ ಮುಂದೆ ನಿಂತವನು ಅಲುಗಾಡಲಿಲ್ಲ. "ಅಪ್ಪನ ಕಾರು ಇದ್ದಿತ್ತಾ ಅಲ್ಲಿ?" ಅಂದ. ನಾನು ತಕ್ಷಣ ಫೋನ್ ಹಚ್ಚಿ ಅವನ ಕೈಗೆ ಕೊಟ್ಟೆ. ಅತ್ತಲಿಂದ "ಪುಟ್ಟಾ, ಪುಟ್ಟಾ, ಮಾತಾಡೋ" ಅಂತ ಕೇಳುತ್ತಿತ್ತು. ಇವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಸುಮ್ಮನೆ ನಿಂತಿದ್ದ. ಕಾಲ ಕೆಳಗೆ ಸಿಮೆಂಟಿನ ನೆಲದ ಮೇಲೆ ನೀರು ನಿಧಾನಕ್ಕೆ ಹರಡುತ್ತಾ ಬಂತು. ಅವತ್ತು ನಾನು ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ಯಾರ ಖಾತೆಗೆ ಬರೆಯುವುದು?

ಅಷ್ಟರಲ್ಲಿ ಮನೆಮದ್ದು ಎಲ್ಲ ನಡೆದಿತ್ತು. ತೆಳ್ಳಗೆ ಹೋಗುತ್ತಿದೆ ಅಂದರೆ ಭೇದಿ ಅಂತಲೇ ನಮ್ಮ ಲೆಕ್ಕ. ಆಯಿ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿ ಹಾಕಿದಳು. ಹಣ್ಣು, ಸೊಪ್ಪು ಬಂದ್. ಗಂಜಿ, ಮಜ್ಜಿಗೆ, ಮತ್ತೆ ಗಂಜಿ. ಸಂಜೆ ದೃಷ್ಟಿಯನ್ನೂ ತೆಗೆದಳು. ಹೊಟ್ಟೆಗೆ ಸರಿ ಇಲ್ಲವಲ್ಲ, ಶಕ್ತಿ ಬರಲಿ ಅಂತ ದಿನಕ್ಕೆ ನಾಲ್ಕು ಲೋಟ ಹಾಲು. ಕೊಟ್ಟಿಗೆಯಲ್ಲೇ ಆಕಳಿತ್ತು, ಹಾಲಿಗೆ ಬರವೇ? ಮಾಡಬಾರದ್ದನ್ನೆಲ್ಲ ಎಷ್ಟು ಕಾಳಜಿಯಿಂದ ಮಾಡಿದ್ದೇವೆ ಅಂತ ಈಗ ನಗು ಬರುತ್ತದೆ.

ಚಡ್ಡಿ ಸಿಕ್ಕಿದ ಮರುದಿನ ಶಿರಸಿಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದೆ. ನಾನು ಬಾಯಿ ಬಿಟ್ಟಿದ್ದೇ "ಇವನ ಅಪ್ಪ" ಅಂತ. ಡಾಕ್ಟರಮ್ಮ ಕೈ ಅಡ್ಡ ಹಿಡಿದು, "ಮೊದಲು ಹೊಟ್ಟೆ ನೋಡ್ತೆ" ಅಂದರು. ಮಲಗಿಸಿ ಒತ್ತಿ ನೋಡಿದರು. ಆಮೇಲೆ ನನ್ನ ಕೈ ತೆಗೆದುಕೊಂಡು ಹೊಕ್ಕುಳ ಕೆಳಗೆ ಎಡಬದಿಗೆ ಇಟ್ಟರು. ಬೆರಳಿಗೆ ಸಿಕ್ಕಿತು. ಹಸಿ ಅಡಿಕೆ ಸಾಲಾಗಿ ಇಟ್ಟ ಹಾಗೆ ಗಟ್ಟಿ ಗಟ್ಟಿ ಉಂಡೆ.

"ಇದು ಭೇದಿ ಅಲ್ಲ, ಮಲಬದ್ಧತೆ" ಅಂದರು.

ನಂಬಲಿಲ್ಲ ನಾನು. ಚಡ್ಡಿ ದಿನಾ ಹೊಲಸಾಗುವವನಿಗೆ ಮಲಬದ್ಧತೆ ಹೇಗೆ? "ನಿಮ್ಮ ತೋಟದಲ್ಲಿ ಬಸಿಗಾಲುವೆಗೆ ಕಲ್ಲು ಸಿಕ್ಕಿಕೊಂಡರೆ ನೀರು ನಿಲ್ತದಾ? ಪಕ್ಕದಿಂದ ಹರಿದು ಬರ್ತದೆ. ಚಡ್ಡಿಗೆ ಹತ್ತುವುದು ಆ ಪಕ್ಕದ ನೀರು" ಅಂದರು. ಮಗು ತಡೆದುಕೊಳ್ಳುತ್ತಾ ಹೋದ ಹಾಗೆ ಮಲ ಒಳಗೆ ಒಣಗಿ ಗಟ್ಟಿಯಾಗುತ್ತದೆ. ಹೊರಗೆ ಬರುವಾಗ ನೋವು. ನೋವಾದ್ದಕ್ಕೆ ಮತ್ತೆ ತಡೆಯುತ್ತದೆ. ಕೆಳಗಿನ ಕರುಳು ಹಿಗ್ಗಿ ಹಿಗ್ಗಿ, ತುಂಬಿದೆ ಅನ್ನುವ ಸೂಚನೆಯೇ ಮಗುವಿಗೆ ಸಿಗುವುದಿಲ್ಲ. ಅಂದರೆ "ಗೊತ್ತೇ ಆಗಲಿಲ್ಲ" ಅಂತ ಅವನು ಹೇಳಿದ್ದು ನಿಜ. ಅದಕ್ಕೇ ನಾನು ಹೊಡೆದದ್ದು. ಹಿಗ್ಗಿದ ಕರುಳು ಮುಂದಿರುವ ಮೂತ್ರಕೋಶವನ್ನು ಒತ್ತುತ್ತದೆ, ಹಾಗಾಗಿ ಉಚ್ಚೆಯೂ ನಿಲ್ಲುವುದಿಲ್ಲ. ಒಂದು ಕಾಯಿಲೆಗೆ ನಾನು ಎರಡು ಹೆಸರಿಟ್ಟು, ಎರಡನ್ನೂ ಅವನ ಅಪ್ಪನ ತಲೆಗೆ ಕಟ್ಟಿದ್ದೆ.

ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಇದೆಯಾ ನೋಡಲು. ಬೆರಳು ಚುಚ್ಚಿ ಸಕ್ಕರೆಯನ್ನೂ ನೋಡಿದರು. ಸರಿಯಿದ್ದ ಮಗು ಇದ್ದಕ್ಕಿದ್ದಂತೆ ಉಚ್ಚೆ ಮಾಡಲು ಶುರು ಮಾಡಿದರೆ, ಜೊತೆಗೆ ಬಾಯಾರಿಕೆ ಜಾಸ್ತಿಯಾಗಿ ತೂಕ ಇಳಿಯುತ್ತಿದ್ದರೆ ಸಕ್ಕರೆ ನೋಡದೆ ಬಿಡಬಾರದಂತೆ. ಎರಡೂ ಸರಿ ಇತ್ತು.

ಆಮೇಲೆ ನೋಟ್‌ಬುಕ್ ಕೊಟ್ಟೆ. ಪುಟ ತಿರುಗಿಸಿದರು, ನಿಧಾನಕ್ಕೆ. ಪೆನ್ಸಿಲ್ ತೆಗೆದುಕೊಂಡು, "ಸರಿಯಾಗಿ ಎರಡಕ್ಕೆ ಹೋದ ದಿನ ಯಾವುದು?" ಅಂತ ಕೇಳಿದರು. ಅದನ್ನು ಬರೆದೇ ಇರಲಿಲ್ಲ. ಅಲ್ಲಿ ಇಲ್ಲಿ ಅಂಚಿನಲ್ಲಿ ಗೀಚಿದ್ದು, ನೆನಪಿದ್ದದ್ದು ಸೇರಿಸಿ ಹೇಳಿದೆ. ಐದು ದಿನಕ್ಕೊಮ್ಮೆ, ಆರು ದಿನಕ್ಕೊಮ್ಮೆ. ಹಾಗೆ ಹೋಗದೇ ಇದ್ದ ದಿನಗಳು ಜಾಸ್ತಿಯಾದಾಗಲೆಲ್ಲ ಒದ್ದೆಯೂ ಜಾಸ್ತಿ. ಕಾರವಾರಕ್ಕೆ ಹೋದ ಶನಿವಾರಗಳಿಗೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಇನ್ನೂ ಹೇಳಬೇಕೆಂದರೆ, ಅವನು ಸರಿಯಾಗಿ ಎರಡಕ್ಕೆ ಹೋಗುತ್ತಿದ್ದದ್ದು ಹೆಚ್ಚಾಗಿ ಕಾರವಾರದಲ್ಲೇ.

"ನೀವು ಅಪ್ಪನ ಲೆಕ್ಕ ಬರೆದಿದ್ದೀರಿ. ಇನ್ನು ಮೇಲೆ ಹೊಟ್ಟೆ ಲೆಕ್ಕ ಬರೆಯಿರಿ" ಅಂದರು ಡಾಕ್ಟರಮ್ಮ.

ಮನಸ್ಸಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಅವರು ಹೇಳಲಿಲ್ಲ. ಮನೆ ಬದಲಾದಾಗ, ಅಪ್ಪ ಅಮ್ಮ ಬೇರೆಯಾದಾಗ, ಹೊಸ ಶಾಲೆಗೆ ಸೇರಿದಾಗ ಸಣ್ಣ ಮಕ್ಕಳು ಕಲಿತದ್ದನ್ನು ಬಿಡುವುದು ಇದ್ದದ್ದೇ. ಇವನಿಗೆ ಮೂರೂ ಒಟ್ಟಿಗೆ ಬಂದಿತ್ತು. ಆದರೆ ಮನಸ್ಸಿನದ್ದು ಅಂತ ಹೆಸರಿಟ್ಟು ಕೂತರೆ ಒಳಗಿನ ಉಂಡೆ ಕರಗುವುದಿಲ್ಲವಲ್ಲ.

ತಡೆದುಕೊಳ್ಳಲು ಶುರು ಮಾಡಿದ್ದು ಯಾಕೆ ಅನ್ನುವುದು ಅವತ್ತು ರಾತ್ರಿ ತಿಳಿಯಿತು. ನಮ್ಮ ಮನೆಯ ಸಂಡಾಸು ಹಿತ್ತಿಲಿನಲ್ಲಿ, ಕೊಟ್ಟಿಗೆ ದಾಟಿ ಇಪ್ಪತ್ತು ಹೆಜ್ಜೆ. ದಾರಿಯಲ್ಲಿ ದೀಪ ಇಲ್ಲ. ಮಳೆಗಾಲದಲ್ಲಿ ಹಾವಸೆ, ಕಪ್ಪೆ, ಉಂಬಳ. ಒಳಗೆ ಕುಕ್ಕರಗಾಲಿನಲ್ಲಿ ಕೂರುವ ಹಳೇ ನಮೂನೆಯದ್ದು. ಕಾರವಾರದ ಫ್ಲ್ಯಾಟಿನಲ್ಲಿ ಅವನಿಗೆ ಕಮೋಡಿನ ಮೇಲೆ ಇಡುವ ಹಸಿರು ಪ್ಲಾಸ್ಟಿಕ್ ಸೀಟು ಇತ್ತು. ಮಲಗಿಸುವಾಗ ಕೇಳಿದೆ, "ಇಲ್ಲಿ ಸಂಡಾಸಿಗೆ ಹೋಗಲು ಹೆದರಿಕೆಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದು ಗೋಡೆ ಕಡೆ ತಿರುಗಿ ಹೇಳಿದ: "ಅದ್ರೊಳಗೆ ಬಿದ್ರೆ ಅಪ್ಪಂಗೆ ಗೊತ್ತಾಗ್ತಿಲ್ಲೆ."

ಆ ರಾತ್ರಿ ಅವನ ಅಪ್ಪನಿಗೆ ಫೋನ್ ಮಾಡಿದೆ. ವಕೀಲರು, ದುಡ್ಡು, ಸಾಮಾನು ಬಿಟ್ಟು ನಾವು ಬೇರೆ ಮಾತಾಡಿ ಮೂರು ತಿಂಗಳಾಗಿತ್ತು. ಹೇಳಿದೆ. ಅತ್ತಲಿಂದ ತುಂಬಾ ಹೊತ್ತು ಮಾತಿಲ್ಲ. "ಆ ಸೀಟು ಇಲ್ಲೇ ಇದೆ" ಅಂದರು ಕೊನೆಗೆ. ಶನಿವಾರದ ತನಕ ಕಾಯಲಿಲ್ಲ. ಮರುದಿನವೇ ರಜೆ ಹಾಕಿ, ದಾರಿಯಲ್ಲಿ ಕುರ್ಚಿ ನಮೂನೆಯ ಸ್ಟ್ಯಾಂಡೂ ಒಂದು ಕೊಂಡುಕೊಂಡು ಬಂದರು. ಅದನ್ನು ಎಲ್ಲಿ ಇಡುವುದು ಅನ್ನುವುದೇ ದೊಡ್ಡ ಪಂಚಾಯ್ತಿಯಾಯಿತು. ಬಚ್ಚಲ ಮನೆಯಲ್ಲಿ ಇಡುತ್ತೇವೆ ಅಂದದ್ದಕ್ಕೆ ನನ್ನ ಅಪ್ಪಯ್ಯ ಮುಖ ಸಿಂಡರಿಸಿದ. ಮಡಿಯಲ್ಲಿ ಸ್ನಾನ ಮಾಡಿ ಪೂಜೆಗೆ ಕೂರುವವನು. ಹಂಡೆಯ ಪಕ್ಕ ಸಂಡಾಸು ಕುರ್ಚಿಯೇ? ಆಯಿ ಒಂದೇ ಮಾತು ಹೇಳಿದಳು. ಅದನ್ನು ಇಲ್ಲಿ ಬರೆಯಲಾಗದು. ಕುರ್ಚಿ ಬಚ್ಚಲಿಗೆ ಬಂತು. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ ಅಪ್ಪಯ್ಯ ಮೂರನೇ ದಿನ ತಾನೇ ಏಣಿ ಹಾಕಿ ಕೊಟ್ಟಿಗೆಯ ಮಾಡಿನಿಂದ ಸಂಡಾಸಿನ ತನಕ ವೈರು ಎಳೆದು ಎರಡು ಬಲ್ಬು ಹಾಕಿದ.

ಔಷಧಿ ಅಂದರೆ ನೀರಿನಲ್ಲಿ ಕರಗಿಸುವ ಬಿಳಿ ಪುಡಿ, ಪಾಲಿಇಥಿಲೀನ್ ಗ್ಲೈಕಾಲ್ ಅಂತ. ಮಲದಲ್ಲಿ ನೀರು ಉಳಿಯುವ ಹಾಗೆ ಮಾಡಿ ಮೆತ್ತಗೆ ಮಾಡುತ್ತದೆ. ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು. ಮೊದಲ ಕೆಲವು ದಿನ ಜಾಸ್ತಿ ಕೊಟ್ಟು ಒಳಗಿನದ್ದನ್ನೆಲ್ಲ ಖಾಲಿ ಮಾಡಿಸುವುದು. ಆ ದಿನಗಳ ವರ್ಣನೆ ಬೇಡ. ಶಾಲೆಗೆ ರಜೆ ಹಾಕಿಸಿದ್ದೆ, ಹಂಡೆಯ ನೀರು ಆರಲು ಬಿಟ್ಟಿರಲಿಲ್ಲ. ಆಮೇಲೆ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ. ಹಿಗ್ಗಿದ ಕರುಳು ಮೊದಲಿನ ಹಾಗಾಗಲು ಅಷ್ಟು ಸಮಯ ಬೇಕಂತೆ. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಪ್ರಯೋಗ ಮಾಡುವ ಆಯಿಯ ವಿದ್ಯೆಗೆ ಡಾಕ್ಟರಮ್ಮ ಖಡಾಖಂಡಿತ ಬೇಡ ಅಂದರು. ಅಲ್ಲಿ ಮತ್ತೆ ನೋವಾದರೆ ಮಗು ಇನ್ನೂ ತಡೆಯುತ್ತದೆ. ಹಾಲು ಎರಡು ಲೋಟಕ್ಕೆ ಇಳಿಯಿತು. ಬಸಳೆ, ಹರಿವೆ, ಬಾಳೆಹಣ್ಣು ವಾಪಸ್ ಬಂದವು.

ಔಷಧಿಗಿಂತ ಕಷ್ಟದ್ದು ಕೂರಿಸುವುದು. ಬೆಳಿಗ್ಗೆ ತಿಂಡಿಯಾದ ಮೇಲೆ ಮತ್ತು ರಾತ್ರಿ ಊಟವಾದ ಮೇಲೆ, ಐದರಿಂದ ಹತ್ತು ನಿಮಿಷ. ಹೊಟ್ಟೆಗೆ ಊಟ ಬಿದ್ದಾಗ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತು ಹಿಡಿಯಬೇಕು. ಕಾಲು ನೇತಾಡಬಾರದು, ಕೆಳಗೆ ಆಧಾರ ಬೇಕು. ಅಡುಗೆಮನೆಯ ಹಳೇ ಮಣೆಯೊಂದನ್ನು ಇಟ್ಟೆವು. ಬಹುಮಾನ ಕೊಡುವುದಾದರೆ ಕೂತದ್ದಕ್ಕೆ ಕೊಡಿ, ಆದದ್ದಕ್ಕಲ್ಲ ಅಂದಿದ್ದರು. ಆಗುವುದು ಅವನ ಕೈಯಲ್ಲಿಲ್ಲ, ಕೂರುವುದು ಇದೆ. ನಮ್ಮಲ್ಲಿ ಸ್ಟಾರು ಸ್ಟಿಕ್ಕರು ಎಲ್ಲಿಂದ ತರುವುದು? ಒಮ್ಮೆ ಕೂತರೆ ಬಿಸ್ಕತ್ತಿನ ಡಬ್ಬಿಗೆ ಒಂದು ಅಡಿಕೆ ಹಾಕುವುದು ಅಂತ ಅಜ್ಜ ಮೊಮ್ಮಗ ಮಾತಾಡಿಕೊಂಡರು. ಕಾರವಾರದಲ್ಲಿ ಕೂತರೆ ಅಪ್ಪ ಇನ್ನೊಂದು ಡಬ್ಬಿಗೆ ಸಮುದ್ರದ ಚಿಪ್ಪಿ ಹಾಕುವುದು. ಮುಕ್ಕಲು ಬಾರದಿದ್ದರೆ ಏನಾದರೂ ಊದಿಸಿ, ಊದುವಾಗ ಹೊಟ್ಟೆ ತಾನೇ ಬಿಗಿಯಾಗುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. ಜಾತ್ರೆಯ ಪೀಪಿ ಹೊರಗೆ ಬಂತು. ದಿನಾ ಬೆಳಿಗ್ಗೆ ಎಂಟೂಕಾಲಿಗೆ ನಮ್ಮ ಬಚ್ಚಲಿನಿಂದ ಪೀಂ ಪೀಂ. ತೋಟದ ಕೆಲಸಕ್ಕೆ ಬರುವವರು ಅದನ್ನು ಕೇಳಿ ಗಂಟೆ ಎಷ್ಟಾಯಿತು ಅಂತ ಹೇಳುತ್ತಿದ್ದರು.

ಎರಡು ಮನೆಯಲ್ಲೂ ಒಂದೇ ಕ್ರಮ ಇರಬೇಕು ಅಂದಿದ್ದರಿಂದ ಪುಡಿಯ ಡಬ್ಬಿ ಎರಡು ಕಡೆ, ಮಣೆ ಎರಡು ಕಡೆ. ದಿನಾ ಒಬ್ಬರಿಗೊಬ್ಬರು ವಾಟ್ಸಾಪ್ ಮಾಡಬೇಕು. ಬೇರೆಯಾಗಲು ಹೊರಟ ಗಂಡ ಹೆಂಡತಿಯ ಸಂದೇಶಗಳು ಹೇಗಿದ್ದವು ಅಂದರೆ: "ಆಯ್ತು. ಮೆತ್ತಗೆ." "ಇವತ್ತು ಇಲ್ಲ." "ಸ್ವಲ್ಪ ಗಟ್ಟಿ, ನೀರು ಜಾಸ್ತಿ ಕೊಡು." ತಿಂಗಳುಗಟ್ಟಲೆ ಇದೇ. ಕೋರ್ಟಿಗೆ ಯಾರಾದರೂ ಆ ಫೋನ್ ಕೊಟ್ಟರೆ ನ್ಯಾಯಾಧೀಶರು ಏನು ತಿಳಿಯುತ್ತಿದ್ದರೋ.

ಅವನಿಗೆ ಹೇಳುತ್ತಿದ್ದ ಡ್ಯೂಟಿಯ ಸುಳ್ಳನ್ನೂ ಬಿಟ್ಟೆವು. ಒಂದು ಭಾನುವಾರ ಸಂಜೆ ಜಗಲಿಯ ಮೇಲೆ ಇಬ್ಬರೂ ಕೂತು ಹೇಳಿದೆವು. ಅಪ್ಪ ಅಮ್ಮ ಇನ್ನು ಬೇರೆ ಬೇರೆ ಮನೆಯಲ್ಲಿ ಇರುತ್ತೇವೆ, ನಿನಗೆ ಎರಡೂ ಮನೆ, ಅಪ್ಪ ಶನಿವಾರ ಬರುತ್ತಾರೆ, ಬರಲಾಗದಿದ್ದರೆ ಫೋನ್ ಮಾಡುತ್ತಾರೆ. ಅಷ್ಟೇ. ಅವನು ಕೇಳಿದ್ದು ಒಂದೇ: "ನಾ ಉಚ್ಚೆ ಮಾಡಿದ್ದಕ್ಕಾ?" ಅವನಿಗೆ ಉಚ್ಚೆ ಶುರುವಾದದ್ದೇ ನಾವು ಬೇರೆಯಾದ ಮೇಲೆ. ಆ ವಯಸ್ಸಿನ ತಲೆಯಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಅನ್ನುವುದು ಇರುವುದಿಲ್ಲ. ಅಲ್ಲ ಪುಟ್ಟಾ, ಅಲ್ಲ ಅಂತ ಅವನ ಅಪ್ಪ ಎಷ್ಟು ಸಲ ಹೇಳಿದರು ಅನ್ನುವುದಕ್ಕೆ ಲೆಕ್ಕ ಇಟ್ಟಿಲ್ಲ.

ಶಾಲೆಗೂ ಹೋದೆ. ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ತೋರಿಸಿ, ಕೇಳದಿದ್ದರೂ ಎರಡು ತಾಸಿಗೊಮ್ಮೆ ಒಂದಕ್ಕೆ ಕಳಿಸಬೇಕು, ಡೈಪರ್ ಹಾಕುವುದಿಲ್ಲ ಅಂದೆ. ಈ ಸಲ ತಲೆ ಆಡಿಸಿದ್ದು ಅಕ್ಕೋರು.

ಅಕ್ಟೋಬರ್ ಹೊತ್ತಿಗೆ ಚಡ್ಡಿ ಒಣಗಿರತೊಡಗಿತು. ದೀಪಾವಳಿಗೆ ನಾನು ಜಾಣತನ ಮಾಡಿ, ಎಲ್ಲ ಸರಿಯಾಯಿತಲ್ಲ, ಎಷ್ಟು ದಿನ ಔಷಧಿ ಹಾಕುವುದು ಅಂತ ಪುಡಿ ನಿಲ್ಲಿಸಿದೆ. ಕಾರವಾರಕ್ಕೂ ಹೇಳಲಿಲ್ಲ. ಹಬ್ಬದ ಕಜ್ಜಾಯ, ನೆಂಟರ ಮನೆ, ಕೂರಿಸಲು ಪುರುಸೊತ್ತಿಲ್ಲ. ಹತ್ತು ದಿನಕ್ಕೆ ಮತ್ತೆ ಅದೇ ಉಂಡೆ, ಅದೇ ಚಡ್ಡಿ. ಒಂದು ವ್ಯತ್ಯಾಸ ಇತ್ತು. ಈ ಸಲ ಅವನು ಅಡಗಿಸಲಿಲ್ಲ. ಚಡ್ಡಿಯನ್ನು ತುದಿಬೆರಳಿನಲ್ಲಿ ಹಿಡಿದುಕೊಂಡು ಅಡುಗೆಮನೆಗೇ ಬಂದು, "ಅಮ್ಮ, ಕಲ್ಲು ಬಂಜು" ಅಂದ. ಬಸಿಗಾಲುವೆಯ ಕಲ್ಲು ಮತ್ತೆ ಬಂದಿತ್ತು. ಡಾಕ್ಟರಮ್ಮ ಬೈಯಲಿಲ್ಲ, ಎಲ್ಲ ಅಮ್ಮಂದಿರೂ ಒಮ್ಮೆ ಮಾಡುವ ತಪ್ಪು ಅಂತ ಮೊದಲಿನಿಂದ ಶುರು ಮಾಡಿಸಿದರು. ನಿಲ್ಲಿಸುವುದಾದರೆ ಅವರು ಹೇಳಿದ ಹಾಗೆ, ಸ್ವಲ್ಪ ಸ್ವಲ್ಪವೇ ಇಳಿಸಿ.

ರಾತ್ರಿಯದ್ದು ಇನ್ನೂ ಪೂರ್ತಿ ನಿಂತಿಲ್ಲ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ, ಅದರ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ ಅಂದಿದ್ದಾರೆ. ರಬ್ಬರ್ ಶೀಟು ಹಾಸುತ್ತೇನೆ. ವಾರಕ್ಕೊಮ್ಮೆ ಏನಾದರೂ ಆದರೆ ಬೆಳಿಗ್ಗೆ ಅವನೇ ದುಪ್ಪಟಿ ಎಳೆದುಕೊಂಡು ಬಂದು ಬಚ್ಚಲಿಗೆ ಹಾಕುತ್ತಾನೆ.

ನೋಟ್‌ಬುಕ್ ವಕೀಲರಿಗೆ ಕೊಡಲೇ ಇಲ್ಲ. ಮೊದಲ ಮೂವತ್ತು ಪುಟ ಹರಿದು ಬಚ್ಚಲ ಒಲೆಗೆ ಹಾಕಿದೆ, ಉಳಿದದ್ದರಲ್ಲಿ ಹೊಟ್ಟೆ ಲೆಕ್ಕ ಇದೆ.

ಏಪ್ರಿಲ್‌ನಲ್ಲಿ ಅಪ್ಪಯ್ಯ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಸಿ ಚೀಲ ತುಂಬುತ್ತಿದ್ದ, ಶಿರಸಿಗೆ ಹಾಕಲು. ಮಾಣಿ ಬಿಸ್ಕತ್ತಿನ ಡಬ್ಬಿಗಳನ್ನು ತಂದು ಜಗಲಿಯ ಮೇಲೆ ಸುರಿದ. ಒಂದು ಹೋಗಿ ಮೂರು ಡಬ್ಬಿಯಾಗಿತ್ತು. ಅಜ್ಜ ಗಂಭೀರವಾಗಿ ತಕ್ಕಡಿ ತಂದು ತೂಗಿದ. ಎರಡು ಕಿಲೋಗೆ ಸ್ವಲ್ಪ ಕಮ್ಮಿ. ಐನೂರರ ಒಂದು ನೋಟು ತೆಗೆದು ಕೊಟ್ಟ. ಮಾಣಿ ನೋಟನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಾ, ಚಿಪ್ಪಿಗೆ ಎಷ್ಟು ಕೊಡ್ತೆ?" ಅಂತ ಕೇಳಿದ.

ಅಳಿಯನ ಹೆಸರು ಎತ್ತದೆ ಒಂದು ವರ್ಷ ಕಳೆದಿದ್ದ ಅಪ್ಪಯ್ಯ ಚೀಲದ ಬಾಯಿ ಕಟ್ಟುತ್ತಾ, ತಲೆ ಎತ್ತದೆ ಹೇಳಿದ: "ಅದ್ರ ರೇಟು ಎಂಗೆ ಗೊತ್ತಿಲ್ಲೆ ತಮಾ. ಶನಿವಾರ ನಿನ್ನ ಅಪ್ಪ ಬತ್ನಲಿ, ಒಳಗೆ ಬಂದು ಕೂತ್ಕಳಕ್ಕೆ ಹೇಳು. ಕೇಳನ."